ಮೂತಿಯ ಮುಳ್ಳು

ಅಪ್ಪನ ಕೋಟಿನ ಮೂರನೆಯ ಗುಂಡಿ ಹಾಕುವಷ್ಟರಲ್ಲಿ ಮಗಳ ಬೆರಳುಗಳು ಸೋತವು. ಹನ್ನೊಂದು ತಿಂಗಳು ಅವನನ್ನು ಎತ್ತಿ, ಒರೆಸಿ, ಉಣಿಸಿದ ಕೈಗಳಿಗೆ ಈಗ ಪೆಟ್ಟಿಗೆಯಲ್ಲಿ ಮಲಗಿದವನ ಒಂದು ಗುಂಡಿ ಹಾಕಲಾಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಪ್ಪ ಅವಳನ್ನು ಸರಿಸಿ ತಾನೇ ಹಾಕಿದ. ಅವನು ರಕ್ತಸಂಬಂಧಿಯೇನಲ್ಲ, ನಾಯಿಗಳ ಕೊರಳಪಟ್ಟಿ ಹೊಲಿಯುತ್ತ ಮೂವತ್ತು ವರ್ಷ ಅಪ್ಪನ ಜೊತೆ ಬಯಲು ಸುತ್ತಿದವನು.

ಅಷ್ಟರಲ್ಲಿ ಮಿಲ್ಲಿನ ಯಜಮಾನರು ಬಂದರು. ಟೋಪಿ ತೆಗೆದು, ಸತ್ತವನ ಮುಖ ನೋಡಿ, ನಾಲ್ಕು ಒಳ್ಳೆಯ ಮಾತಾಡಿದರು. ಅವರ ಜೇಬಿನಿಂದ ಹೊಸ ತೊಗಲಿನ ಹಗ್ಗ ಇಣುಕುತ್ತಿತ್ತು. ಬಂದ ಹಾಗೂ ಆಯಿತು, ಕೆಲಸವೂ ಆಯಿತು ಎನ್ನುವ ಪೈಕಿ ಅವರು. ಭಾನುವಾರ ಹಂದಿ ಬೇಟೆ ಇಟ್ಟುಕೊಂಡಿದ್ದೇವೆ, ನಿಮ್ಮಪ್ಪನ ಹತ್ತಿರ ಕಲಿಯಲು ಬಿಟ್ಟಿದ್ದ ನಾಯಿಮರಿಯನ್ನು ಇವತ್ತೇ ಒಯ್ದರೆ ನಮ್ಮ ಕೈಗೆ ಒಗ್ಗುತ್ತದೆ ಎಂದು ಮೆಲುದನಿಯಲ್ಲಿ ಹೇಳಿದರು.

"ಮೊಲ, ನರಿ ಎರಡೂ ಮುಗೀತು, ಇನ್ನು ಹಂದಿಗೆ ಬಿಡಬಹುದು ಅಂತ ನಿಮ್ಮಪ್ಪನೇ ಹೇಳಿದ್ರು. ಅವರ ಮಾತು ಅಂದ್ರೆ ಮಾತು."

ಸುತ್ತ ನಿಂತವರು ತಲೆಯಾಡಿಸಿದರು. ಅರೆಬರೆ ಕಲಿತ ನಾಯಿಯನ್ನು ಆ ಮನುಷ್ಯ ಜನ್ಮದಲ್ಲಿ ಯಾರ ಕೈಗೂ ಕೊಟ್ಟವನಲ್ಲ. ಮಗಳು ಹಿತ್ತಲಿನ ನಾಯಿಗೂಡಿನ ಕಡೆ ನೋಡಿದಳು.

* * *

ಬೇಟೆಯ ಓಟದ ನಾಯಿಗೆ ಕಲಿಸುವುದರಲ್ಲಿ ಅಪ್ಪನದೇ ಒಂದು ಕ್ರಮವಿತ್ತು. ಮೊಲ ಕಾಲು ಕಲಿಸುತ್ತದೆ, ನರಿ ಭಯ ಕಲಿಸುತ್ತದೆ, ಭಯ ಕಲಿತ ಮೇಲೆಯೇ ಹಂದಿ ಎನ್ನುತ್ತಿದ್ದ. ನರಿಯ ಪಾಠಕ್ಕೆಂದು ಒಣಗಿದ ನರಿಚರ್ಮಕ್ಕೆ ಹುಲ್ಲು ತುಂಬಿ, ಮೂತಿಯ ಸುತ್ತ ಮುಳ್ಳು ಹೊಲಿಯುತ್ತಿದ್ದ. ಎದುರಿನಿಂದ ಬಾಯಿ ಹಾಕಿದ ಮರಿಗೆ ಮುಳ್ಳು ಚುಚ್ಚುತ್ತದೆ. ನಾಲ್ಕು ಸಲ ಚುಚ್ಚಿಸಿಕೊಂಡರೆ ಮತ್ತೆ ಜೀವ ಇರುವವರೆಗೂ ಪಕ್ಕದಿಂದ, ಹಿಂದಿನಿಂದಲೇ ಹಿಡಿಯುತ್ತದೆ. ಹಂದಿಯ ಕೋರೆಗೆ ಎದೆ ಕೊಡುವುದಿಲ್ಲ.

ಅವನು ಹಾಸಿಗೆ ಹಿಡಿದ ಮೇಲೆ ಈ ಮರಿಯ ಪಾಠ ಮಗಳ ಹೆಗಲಿಗೆ ಬಿತ್ತು. ಅವನು ಕಿಟಕಿಯ ಪಕ್ಕ ಮಲಗಿ ಹೇಳುವುದು, ಅವಳು ಸೈಕಲ್ಲಿಗೆ ಚರ್ಮ ಕಟ್ಟಿ ಬಯಲಲ್ಲಿ ಎಳೆಯುವುದು. ಮೊದಲ ದಿನವೇ ಮರಿ ತುಟಿ ಹರಿದುಕೊಂಡು, ಕುಂಯ್‌ಗುಟ್ಟುತ್ತ ಬಂದು ಅವಳ ಮಡಿಲಲ್ಲಿ ಮೂತಿ ಹುದುಗಿಸಿತು. ಒಳಗೊಂದು ನರಳಾಟ, ಹೊರಗೊಂದು ನರಳಾಟ. ಅವಳಿಗೆ ಸಾಕುಸಾಕಾಗಿ ಹೋಗಿತ್ತು. ಆ ಸಂಜೆ ಕತ್ತರಿ ತಂದು ಮುಳ್ಳನ್ನೆಲ್ಲ ಕಿತ್ತೆಸೆದಳು.

ಅಪ್ಪನ ಕಣ್ಣಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. "ಎಲ್ಲಿ ಹಿಡೀತು?" ಎಂದು ದಿನವೂ ಕೇಳುತ್ತಿದ್ದ.

"ಹಿಂದಿನಿಂದ ಅಪ್ಪ. ತೊಡೇಲಿ."

ಮರಿ ಹಿಡಿದಿರುತ್ತಿದ್ದದ್ದು ಮೂತಿಯನ್ನೇ. ಅಪ್ಪ ನಗುತ್ತಿದ್ದ. ಅಷ್ಟು ತಿಂಗಳಲ್ಲಿ ಅವನು ನಕ್ಕದ್ದು ಅದೊಂದಕ್ಕೇ. ಹಾಗಾಗಿ ಅವಳು ಸುಳ್ಳು ನಿಲ್ಲಿಸಲಿಲ್ಲ.

* * *

ಯಜಮಾನರು ಹಗ್ಗ ಹೊರತೆಗೆದರು. ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪನ ಹೆಸರು ಉಳಿಯುತ್ತದೆ, ಅವಳು ಬಾಗಿಲು ಹಾಕಿಕೊಂಡು ವಾರವಿಡೀ ಮಲಗಬಹುದು, ಆದರೆ ಭಾನುವಾರ ಮಧ್ಯಾಹ್ನದೊಳಗೆ ಈ ನಾಯಿಮರಿಯ ಎದೆಯನ್ನು ಹಂದಿ ಸೀಳಿರುತ್ತದೆ. ಬಾಯಿಬಿಟ್ಟರೆ, ಮಣ್ಣು ಮಾಡುವ ದಿನವೇ ಅಪ್ಪನ ಮಾತು ಸುಳ್ಳಾಗುತ್ತದೆ.

"ಕೊಡೋಕಾಗಲ್ಲ ಯಜಮಾನ್ರೆ," ಎಂದಳು. "ಅದಕ್ಕೆ ನರಿ ಪಾಠ ಆಗಿಲ್ಲ. ಮುಳ್ಳು ನಾನೇ ಕಿತ್ತುಹಾಕ್ದೆ. ಅಪ್ಪಂಗೆ ಸುಳ್ಳು ಹೇಳ್ದೆ."

ಯಜಮಾನರು ನಂಬಲಿಲ್ಲ. ನಾಯಿಯ ಮೇಲೆ ಆಸೆ ಹುಟ್ಟಿರಬೇಕು, ಇಟ್ಟುಕೊಳ್ಳಲು ಇದೊಂದು ನೆಪ ಎಂದು ಆಡಿಯೇ ಬಿಟ್ಟರು. ಚಿಕ್ಕಪ್ಪ ನಂಬಿದ. ಅವಳ ಮುಖ ನೋಡದೆ, "ಸಾಯೋ ಹಿಂದಿನ ದಿನವೂ ಈ ಮರೀನ ಹೊಗಳ್ತಿದ್ದ ಕಣೇ," ಎಂದ.

ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಆಕಳಿಕೆ. ಜನ ನೋಡಿದರು, ಅವಳಿಗೆ ನಾಚಿಕೆಯೂ ಆಗಲಿಲ್ಲ.

ಪೆಟ್ಟಿಗೆ ಎತ್ತಿದರು. ನಾಲ್ವರು ಹೆಗಲು ಕೊಟ್ಟು ಅಂಗಳ ದಾಟುತ್ತಿದ್ದಾಗ, ತಡೆದುಕೊಳ್ಳಲಾರದೆ ಯಜಮಾನರು ಹಿತ್ತಲಿಗೆ ಹೋಗಿ ಗೂಡಿನ ಅಗುಳಿ ತೆಗೆದರು. ಅವರು ಹಗ್ಗ ಹಾಕುವ ಮೊದಲೇ ಮರಿ ನುಣುಚಿಕೊಂಡು ಓಡಿತು. ಒಂದೇ ಉಸಿರಿಗೆ ಸುತ್ತಿ ಬಂದು, ನಡೆದು ಬರುತ್ತಿದ್ದ ಎಂಟು ಕಾಲುಗಳಿಗೆ ನೇರ ಎದುರಾಗಿ, ಬಾಲ ಆಡಿಸುತ್ತ ಮುಂದಿನವನ ಮೊಣಕಾಲಿಗೆ ಬಾಯಿ ಹಾಕಿತು. ಅವನು ಮುಗ್ಗರಿಸಿದ, ಪೆಟ್ಟಿಗೆ ವಾಲಿತು. ಮರಿಗೆ ಭಯವೆಂಬುದು ಎಳ್ಳಷ್ಟೂ ಇರಲಿಲ್ಲ. ಅಲ್ಲಿದ್ದವರೆಲ್ಲ ಅದನ್ನು ಕಂಡರು. ಯಜಮಾನರೂ ಕಂಡರು.

ಮಗಳು ಜನರನ್ನು ದಾಟಿ ಮುಂದೆ ಬಂದು ಪೆಟ್ಟಿಗೆಯ ಎದುರು ನಿಂತಳು. ಮರಿ ಖುಷಿಯಿಂದ ಅವಳ ಮೇಲೆಯೇ ಎದುರಿನಿಂದ ಹಾರಿತು. ಅವಳು ಕೈ ಎತ್ತಿ ಅದರ ಮೂತಿಗೆ ಬಲವಾಗಿ ಬಾರಿಸಿದಳು. ಅದು ಕಿರುಚಿ ಹಿಂದೆ ಸರಿದು, ಏನೂ ಅರ್ಥವಾಗದೆ ಮತ್ತೆ ಎದುರಿನಿಂದಲೇ ಬಂತು. ಮತ್ತೆ ಬಾರಿಸಿದಳು, ಮೊದಲಿಗಿಂತ ಜೋರಾಗಿ. ಅವಳ ಕಣ್ಣಲ್ಲಿ ನೀರು ಬಂದದ್ದು ಆಗ.

"ಪಕ್ಕಕ್ಕೆ," ಎಂದಳು.

ಮೂರನೆಯ ಸಲ ಮರಿ ತಲೆ ತಗ್ಗಿಸಿ, ದೂರದಿಂದ ಬಳಸಿಕೊಂಡು, ಅವಳ ಕೈಯ ಮೇಲೇ ಕಣ್ಣಿಟ್ಟು, ಪಕ್ಕದಿಂದ ಬಂತು.