ಬಿಳಿ ದಿನ

ಬೆಳಗಿನ ಗಂಟೆ ಹೊಡೆಯುವ ಮೊದಲೇ ಸೂಪರ್‌ವೈಸರ್ ಬಾಗಿಲಿಗೆ ಅಡ್ಡ ನಿಂತಿದ್ದ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನನ್ನು ಎಲ್ಲರೂ ಕರೆಯುವುದು ಗಡಿಯಾರ ಎಂದು.

“ನಾಳೆ ಬಿಳಿ ದಿನ,” ಎಂದ. ಅಷ್ಟು ಸಾಕಿತ್ತು.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಿಳಿ ದಿನ ಎಂದರೆ ತಪಾಸಣೆಯ ದಿನ. ಬಟ್ಟೆ ಕೊಳ್ಳುವ ಕಂಪನಿಯವರು ಬರುತ್ತಾರೆ. ಅಂದು ಕಪ್ಪು, ನೀಲಿ, ಕೆಂಪು ತೊಟ್ಟಿಗಳಿಗೆಲ್ಲ ಮುಚ್ಚಳ. ಯಂತ್ರಗಳಲ್ಲಿ ಓಡುವುದು ಬಿಳಿ ಟವೆಲ್ ಮಾತ್ರ, ಹಿಂದಿನ ಮೋರಿಯಲ್ಲಿ ಹರಿಯುವುದು ತಿಳಿನೀರು ಮಾತ್ರ. ಬೀರುವಿನೊಳಗಿನ ಕೈಗವಸು, ಮಾಸ್ಕು ಹೊರಬರುತ್ತವೆ, ಸಂಜೆಗೆ ಮತ್ತೆ ಬೀಗದೊಳಗೆ. ಕೇಳಿದರೆ ಏನು ಹೇಳಬೇಕೆಂದು ಗಡಿಯಾರ ಬಾಯಿಪಾಠ ಮಾಡಿಸುತ್ತಾನೆ. ಕಾಗೆಯೂ ಅವತ್ತು ಕೊಕ್ಕರೆ ಆಗುತ್ತೆ ಎಂದು ಒಣಗಿಸುವ ಯಂತ್ರದವರು ನಗುವುದುಂಟು.

ಈ ಉಪಾಯ ಹುಟ್ಟಿದ್ದು ಬಣ್ಣದ ಮೇಸ್ತ್ರಿಯ ತಲೆಯಲ್ಲಿ. ಆರು ವರ್ಷದ ಹಿಂದೆ ಅವನಿನ್ನೂ ತೊಟ್ಟಿ ಕಲಕುತ್ತಿದ್ದ. ತಪಾಸಣೆ ಬಂತೆಂದು ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಅವತ್ತೊಂದು ದಿನ ಬಿಳೀದು ಓಡಿಸಿದರಾಯಿತಲ್ಲ ಎಂದಿದ್ದ. ಮರುವಾರವೇ ಮೇಸ್ತ್ರಿಯಾದ. ಅಂದಿನಿಂದ ಅವನು ತೊಟ್ಟಿಗೆ ಕೈ ಹಾಕಿಲ್ಲ.

ಅವನನ್ನು ಸಾಕಿ ಬೆಳೆಸಿದ ಅಕ್ಕ ಮಾತ್ರ ಅದೇ ತೊಟ್ಟಿಯ ಪಕ್ಕದಲ್ಲಿ ಹಸಿ ಬಟ್ಟೆ ಹಿಂಡುತ್ತಾಳೆ. ಅವಳ ಅಂಗೈ ಬಿಸಿಲಿಗೆ ಬಿರಿದ ಕೆರೆಯಂಗಳ. ಉಪ್ಪು, ಖಾರ ತಗುಲಿದರೆ ಜೀವ ಹೋಗುತ್ತದೆಂದು ಊಟಕ್ಕೆ ಚಮಚ ಹಿಡಿದು ಎರಡು ವರ್ಷವಾಯಿತು. ಇನ್ನೊಂದು ವರ್ಷ ಹೀಗೇ ನಡೆದರೆ ಬೆರಳು ಮಡಚಲಿಕ್ಕೂ ಬಾರದು ಎಂದು ಡಾಕ್ಟರು ಹೇಳಿದ್ದಾರೆ. ಕಾರ್ಖಾನೆಯ ಹಿಂದಿನ ಅವರ ಗಲ್ಲಿಯಲ್ಲಿ ಕೊಳಾಯಿ ನೀರಿಗೂ ಬಣ್ಣ ಇಳಿದಿದೆ. ಮಕ್ಕಳ ಬಿಳಿ ಶಾಲೆಯಂಗಿ ನೋಡಿದರೆ ಈ ವಾರ ಯಾವ ಆರ್ಡರ್ ಓಡುತ್ತಿದೆ ಎಂದು ಹೇಳಬಹುದು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕ ಸೆರಗಿನಿಂದ ಮಡಚಿದ ಕಾಗದವೊಂದನ್ನು ತೆಗೆದಳು. ಕಾರ್ಖಾನೆಯ ಗೋಡೆಗೆ ಹಚ್ಚಬೇಕೆಂದು ಬಟ್ಟೆ ಕೊಳ್ಳುವ ಕಂಪನಿ ಕಳಿಸಿದ್ದು ಅದು. ಗಡಿಯಾರ ಅದನ್ನು ಬೀರುವಿನ ಹಿಂದೆ ಹಚ್ಚಿದ್ದ. ಕಸ ಗುಡಿಸುವಾಗ ಉದುರಿ ಬಿದ್ದದ್ದು ಅಕ್ಕನಿಗೆ ಸಿಕ್ಕಿತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅವಳು ಒಂದೊಂದೇ ಅಕ್ಷರ ಕೂಡಿಸಿ ಅದನ್ನು ಓದಿ ಮುಗಿಸಿದ್ದಳು. ಅದರಲ್ಲಿ ಹೀಗಿತ್ತು: ಈಗ ಕಾನೂನು ಬಂದಿದೆ. ಮಾಲು ತರಿಸುವ ಕಂಪನಿ, ಆ ಮಾಲು ತಯಾರಾಗುವ ಕಡೆ ಕೆಲಸಗಾರರ ಮೈಗೆ, ಸುತ್ತಲ ನೀರಿಗೆ ಏನಾಗುತ್ತಿದೆ ಎಂದು ನೋಡಲೇಬೇಕು. ಕೆಟ್ಟಿದ್ದರೆ ಸರಿಪಡಿಸಲೇಬೇಕು. ನಮಗೆ ಗೊತ್ತೇ ಇರಲಿಲ್ಲ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ. ದೂರು ಕೊಟ್ಟವರನ್ನು ಮುಟ್ಟುವ ಹಾಗಿಲ್ಲ.

ಮೇಸ್ತ್ರಿ ನಕ್ಕುಬಿಟ್ಟ. ಕಾಗದ ಬರೆಯುವವರಿಗೇನು ಹೋಗುತ್ತೆ, ನಾವು ಬಾಯಿ ಬಿಟ್ಟ ದಿನವೇ ಕಂಪನಿ ಬೇರೆ ಊರಿಗೆ ಹೋಗುತ್ತೆ, ಇನ್ನೂರು ಒಲೆ ಆರುತ್ತೆ ಎಂದ. ಮಾತು ಸುಳ್ಳಾಗಿರಲಿಲ್ಲ. ಹಾಗೆ ಓಡಿಹೋದ ಕಂಪನಿಗಳನ್ನು ಗಲ್ಲಿ ಕಂಡಿತ್ತು.

“ಕೊನೇ ಸಾಲು ಓದು,” ಎಂದಳು ಅಕ್ಕ.

ಓದಿದ. ವ್ಯಾಪಾರ ಕಡಿದುಕೊಂಡು ಹೋಗುವುದು ಕಟ್ಟಕಡೆಯ ದಾರಿ, ಮೊದಲು ಸರಿಪಡಿಸಲು ಕಂಪನಿಯೇ ನೆರವಾಗಬೇಕು ಎಂದಿತ್ತು. ಎರಡು ಸಲ ಓದಿದ. ಆಮೇಲೂ, ಇದೆಲ್ಲ ನಮ್ಮಂಥವರಿಗಲ್ಲ ಬಿಡಕ್ಕಾ ಎಂದ.

“ಹೌದಪ್ಪ, ನಿನ್ನಂಥವರಿಗಲ್ಲ. ಕೈ ತೋರಿಸೋ ಕೆಲಸ ನಿಂದು, ಕೈ ಹಾಕೋ ಕೆಲಸ ನಮ್ಮದು.”

ಅವಳು ಚಮಚ ತೊಳೆಯಲು ಎದ್ದುಹೋದಳು. ಮೇಸ್ತ್ರಿ ತಟ್ಟೆ ಪಕ್ಕಕ್ಕೆ ಸರಿಸಿ ಕಾಗದವನ್ನು ಮತ್ತೆ ಬಿಡಿಸಿದ.

ಮರುದಿನ ತಪಾಸಣೆಗೆ ಬಂದವಳು ಹೊಸಬಳು, ಚಪ್ಪಲಿಯ ಬದಲು ರಬ್ಬರ್ ಬೂಟು ಹಾಕಿದ್ದಳು. ಹಿಂದಿನವರು ಆಫೀಸಿನ ಫ್ಯಾನಿನ ಕೆಳಗೆ ಕೂತು ಕಾಗದದ ಮೇಲೆ ಗೀಟು ಹಾಕಿ ಹೋಗುತ್ತಿದ್ದರು. ಇವಳು ನೆಟ್ಟಗೆ ಮೋರಿಗೆ ನಡೆದು ಬಾಟಲಿಯಲ್ಲಿ ನೀರು ಹಿಡಿದಳು. ಕನ್ನಡಿಯಂಥ ನೀರು. ಕೆಲಸದಿಂದ ಕೈಗೇನಾದರೂ ತೊಂದರೆ ಇದೆಯಾ ಎಂದು ಅಕ್ಕನನ್ನು ಕೇಳಿದಳು. ಹೊಸ ಗವಸಿನೊಳಗೆ ಕೈ ಅಡಗಿಸಿಕೊಂಡ ಅಕ್ಕ ತಮ್ಮನ ಮುಖ ನೋಡಿದಳು. ನೀರು ದಿನಾ ಇಷ್ಟೇ ತಿಳಿಯಾಗಿರುತ್ತಾ ಎಂದು ತಪಾಸಣೆಯವಳು ಕೇಳಿದ್ದಕ್ಕೆ, ದಿನಾ ಹೀಗೇ ಮೇಡಂ ಎಂದು ಗಡಿಯಾರ ಮಣಿಕಟ್ಟು ನೋಡಿಕೊಂಡ. ಅವಳು ಬಾಟಲಿಗೆ ಮುಚ್ಚಳ ಹಾಕತೊಡಗಿದಳು.

“ಮೇಡಂ,” ಎಂದ ಮೇಸ್ತ್ರಿ. “ನಿಮ್ಮ ಕಂಪನಿ ನಮ್ಮಿಂದ ತರಿಸೋದು ಯಾವ ಬಟ್ಟೆ?”

“ಕಪ್ಪು ಅಂಗಿ.”

“ಆರು ವರ್ಷದಿಂದ ನಿಮ್ಮೋರು ಬರ್ತಿದಾರೆ. ಒಬ್ಬರಾದ್ರೂ ಇಲ್ಲಿ ಕಪ್ಪು ನೋಡಿದಾರಾ? ನೀವು ಬಂದಾಗೆಲ್ಲ ಬಿಳಿ ಟವೆಲ್ಲು. ಕಪ್ಪು ಅಂಗಿ ಏನು ಮರದಲ್ಲಿ ಬಿಡುತ್ತಾ?”

ಯಾರೋ ಕಿಸಕ್ಕನೆ ನಕ್ಕರು.

ಗಡಿಯಾರ ಅವನ ತೋಳು ಹಿಡಿದೆಳೆದ. ಮೇಸ್ತ್ರಿ ಕೊಡವಿಕೊಂಡು ಹೋಗಿ ಮೂರನೇ ತೊಟ್ಟಿಯ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದ. ಒಳಗೆ ಇದ್ದಿಲಿನಂಥ ನೀರು, ಮೂಗು ಉರಿಸುವ ಹಬೆ. ಇದು ನೇರವಾಗಿ ಮೋರಿಗೆ, ಮೋರಿಯಿಂದ ನಮ್ಮ ಗಲ್ಲಿಗೆ ಎಂದ. ಬಿಳಿ ದಿನದ ಉಪಾಯ ತನ್ನದೇ ಎಂದೂ ಹೇಳಿದ. ಅದನ್ನು ಹೇಳುವಾಗ ಮಾತ್ರ ದನಿ ಕುಗ್ಗಿತು. ಅಷ್ಟರಲ್ಲಿ ಅಕ್ಕ ಗವಸು ಕಳಚಿ ಎರಡೂ ಅಂಗೈ ಮುಂದೆ ಚಾಚಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು.

ಮಾಲೀಕರು ಓಡಿಬಂದರು. ಉಂಡ ಮನೆಗೆ ಎರಡು ಬಗೆದೆ ಎಂದು ಮೇಸ್ತ್ರಿಯನ್ನು ಬೈದರು, ಬೈಗುಳ ಮುಗಿದ ಮೇಲೆ ತಪಾಸಣೆಯವಳ ಕಡೆ ತಿರುಗಿದರು. “ನೀರು ಶುದ್ಧ ಮಾಡೋ ಯಂತ್ರ ತಂದು ಹಿತ್ತಲಲ್ಲಿ ನಿಲ್ಲಿಸಿದೀನಿ ಮೇಡಂ. ಓಡಿಸಿದರೆ ಕರೆಂಟು ನನ್ನನ್ನೇ ನುಂಗುತ್ತೆ. ಪ್ರತಿ ಸಲ ದರ ಇಳಿಸು ಅಂತೀರಿ, ಕೊಟ್ಟ ಗಡುವಿನಲ್ಲಿ ಒಂದು ದಿನ ಬಿಡಲ್ಲ. ಪುಣ್ಯ ನಿಮಗೆ, ಪಾಪ ನನಗಾ?”

ಅವರು ಹೇಳಿದ್ದರಲ್ಲೂ ನಿಜವಿತ್ತು. ತಪಾಸಣೆಯವಳು ಅದನ್ನೂ ಕಾಗದದ ಮೇಲೆ ಬರೆದುಕೊಂಡಳು.

“ಇಬ್ಬರು ಹೇಳಿದ್ದನ್ನೂ ಬರ್ಕೊಂಡಿದೀನಿ,” ಎಂದಳು. “ಇನ್ನು ನಮ್ಮ ಕಂಪನಿ ಗೊತ್ತಿರಲಿಲ್ಲ ಅನ್ನೋಕಾಗಲ್ಲ. ದರದ ಮಾತೂ ಆಡಲೇಬೇಕು. ಇಲ್ಲ ಅಂದ್ರೆ ಕೋರ್ಟಲ್ಲಿ ಉತ್ತರ ಕೊಡೋರು ನಾವು. ಆ ಯಂತ್ರ ಎಲ್ಲಿ?”

ಇಡೀ ಕಾರ್ಖಾನೆ ಹಿತ್ತಲಿಗೆ ನುಗ್ಗಿತು. ಯಂತ್ರದ ಮೇಲೆ ಬಳ್ಳಿ ಹಬ್ಬಿತ್ತು. ಮಾಲೀಕರೇ ಗುಂಡಿ ಒತ್ತಿದರು. ಮೋಟಾರು ಗುರ್ ಎಂದು ನಿಂತಿತು. ಮೋರಿಯಿಂದ ಬರುವ ಕೊಳವೆಯ ಬಾಯಿಗೆ ಕೆಸರು ಕಟ್ಟಿದೆ, ಮೆಕ್ಯಾನಿಕ್ ಬರುವುದು ನಾಳೆಯೇ ಎಂದ ಗಡಿಯಾರ. ನಾಳೆ ಎಂಬ ಮಾತು ಕೇಳಿದ್ದೇ ಮೇಸ್ತ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಿ ತೋಳು ಮೇಲೇರಿಸಿ, ಮೊಣಕಾಲೂರಿ, ಬರಿಗೈಯನ್ನು ಮೊಣಕೈವರೆಗೆ ಕೊಳವೆಯೊಳಗೆ ತೂರಿಸಿದ. ಹಿಡಿಹಿಡಿ ಕರಿ ಕೆಸರು ಹೊರಬಂತು. ನಾಲ್ಕನೇ ಹಿಡಿಗೆ ಅವನ ಮುಖ ಕಿವುಚಿಕೊಂಡಿತು.

“ಉರಿಯುತ್ತಲ್ಲಕ್ಕಾ,” ಎಂದ.

ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವನ ತೋಳಿನ ಮೇಲೆ ನೀರು ಹೊಯ್ದಳು.

“ಈಗ ಮೇಸ್ತ್ರಿ ಆದೆ ನೋಡು,” ಎಂದಳು.

ಮಾಲೀಕರು ಮತ್ತೆ ಗುಂಡಿ ಒತ್ತಿದರು.