ಕೊನೆಗೆ ಕಂಡದ್ದು: ಇವತ್ತು

ನಲ್ಲಿ ತೊಟ್ಟಿಕ್ಕುತ್ತಿದೆ, ಅಡುಗೆಮನೆಯದೋ ಬಚ್ಚಲಿನದೋ, ಕೆಳಗಿನ ತಂಬಿಗೆ ತುಂಬಿತೇನೋ, ಏಳಬೇಕು, ಏಳಲಾರೆ — ಪರದೆಯ ಮೇಲೆ ಅಪ್ಪನ ಫೋಟೊ, ಅದರಡಿ ಕೊನೆಗೆ ಕಂಡದ್ದು: ಇವತ್ತು, ಬೆಳಿಗ್ಗೆ ಎಂಟು ಹತ್ತು, ಅಂದರೆ ಅಮ್ಮ ಸ್ನಾನ ಮಾಡಿ ಕುಂಕುಮ ಇಟ್ಟುಕೊಂಡು ಮೊಬೈಲಿನಲ್ಲಿ ಈ ಪುಟ ತೆರೆದಿದ್ದಾಳೆ, ಎಡ ಹುಬ್ಬಿನ ಮೇಲೆ ಮಚ್ಚೆ ಎಂದು ಸೇರಿಸಿ ಸೇವ್ ಒತ್ತಿದ್ದಾಳೆ, ನಿನ್ನೆ ಸೇರಿಸಿದ್ದು ಮಂಡಕ್ಕಿ ಒಗ್ಗಾಣಿ ಅಂದರೆ ಪ್ರಾಣ, ಯಾರಿಗೆ ಬೇಕು ಒಗ್ಗಾಣಿ — ಕಾಣೆಯಾದವರ ಈ ವೆಬ್‌ಸೈಟ್ ಕಟ್ಟಿದವಳು ನಾನೇ, ದೊಡ್ಡ ಜಾಣೆ ವಿಷ್ಣುಪ್ರಿಯಾ, ದಾಖಲೆ ಸೇವ್ ಆದಾಗಲೆಲ್ಲ ದಿನಾಂಕ ತಾನಾಗಿಯೇ ಬದಲಾಗಲಿ ಎಂದು ಒಂದು ಸಾಲು ಕೋಡ್ ಬರೆದೆ, ತಿದ್ದಿದ ದಿನದ ಅಂಕಣಕ್ಕೆ ಬರೆಯಬೇಕಾದ್ದನ್ನು ಕೊನೆಗೆ ಕಂಡ ದಿನದ ಅಂಕಣಕ್ಕೆ ಬರೆದೆ, ನನ್ನ ಅವಸರಕ್ಕಿಷ್ಟು ಬೆಂಕಿ ಹಾಕ, ಅಮ್ಮ ಮೊದಲ ದಿನವೇ ಓಡಿ ಬಂದಳು, ವಿಷ್ಣೂ, ನಿಮ್ಮಪ್ಪ ಇವತ್ತ ಎಲ್ಲೋ ಕಂಡಾರಂತ ನೋಡವಾ, ಹೌದೇನಮ್ಮಾ ಅಂದೆ, ಅಂದುಬಿಟ್ಟೆ, ಎರಡು ವರ್ಷ ಅದನ್ನೇ ಅನ್ನುತ್ತಾ ಬಂದೆ.

ನಿನ್ನೆ ಮನೆಯ ಪುರೋಹಿತರು ವಸುಧೇಂದ್ರಾಚಾರ್ಯರು ಬಂದರು, ತಂಬಿಗೆ ನೀರು ಕುಡಿದು ಕೆಳಗಿಟ್ಟರು, ಅವರು ಕಾಣೆಯಾಗಿ ಹನ್ನೆರಡು ವರ್ಷ ಆತಲ್ರಿ ಅನ್ನಪೂರ್ಣಾಬಾಯಿ, ಶಾಸ್ತ್ರದಾಗ ಅದು ಹೋದವರ ಲೆಕ್ಕ, ಇನ್ನ ದರ್ಭೆಯೊಳಗ ಆಕೃತಿ ಮಾಡಿ ಸಂಸ್ಕಾರ ಮುಗಿಸಬೇಕು, ಕೊನೆಗೆ ಕಂಡ ದಿವಸ ಹೇಳ್ರಿ, ಅಲ್ಲಿಂದ ಎಣಿಸೋಣು, ಅಮ್ಮ ಮೊಬೈಲು ಮುಂದೆ ಹಿಡಿದಳು, ಇವತ್ತ ಕಂಡಾರ ಆಚಾರ್ರೆ, ಏನ್ ಎಣಿಸ್ತೀರಿ, ಅವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಈಗ ದಿನಾಂಕ ಬದಲಿಸುವ ಆ ಕೋಡಿನ ಸಾಲು ಅಳಿಸಿದ್ದೇನೆ, ಅಷ್ಟೇ ಕೆಲಸ, ಆದರೆ ಹಳೆಯ ದಿನಾಂಕ ತಾನಾಗಿ ಮರಳುವುದಿಲ್ಲ, ಕೈಯಿಂದ ತುಂಬಬೇಕು, ನಾನೇ, ಕೊನೆಗೆ ಕಂಡವಳು ನಾನೇ — ಆದವಾನಿ ಸ್ಟೇಷನ್ನು, ಬೆಂಚಿನ ಮೇಲೆ ಹನ್ನೊಂದು ವರ್ಷದ ನಾನು, ನೀರ್ ಹಿಡ್ಕೊಂಡ್ ಬರ್ತೀನಿ ಕೂಡು ಅಂದು ತಂಬಿಗೆ ಹಿಡಿದು ಹೋದ ಅಪ್ಪ, ಗಾಡಿ ಬಂತು, ಹೋಯಿತು — ತುಂಬಿದರೆ ಅಮ್ಮನ ಹಣೆಯ ಕುಂಕುಮ ಅಳಿಸಿದವಳು ನಾನಾಗುತ್ತೇನೆ, ತುಂಬದಿದ್ದರೆ ಅಪ್ಪ ದಿನಾ ಬೆಳಿಗ್ಗೆ ಮತ್ತೆ ಕಾಣೆಯಾಗುತ್ತಾನೆ, ಎರಡರಲ್ಲೂ ಬರುವುದಿಲ್ಲ, ಬರುವುದೇ ಇಲ್ಲ, ದಿನ ಒತ್ತಿದ್ದಾಯಿತು, ತಿಂಗಳು ಒತ್ತಿದ್ದಾಯಿತು, ಅಮ್ಮ ಹಿತ್ತಲಿನಿಂದ ಕೂಗುತ್ತಿದ್ದಾಳೆ, ವಿಷ್ಣೂ, ಇವತ್ತ ಎಷ್ಟೊತ್ತಿಗೆ ಕಂಡಾರಂತ, ನೋಡಿದೇನು, ಇನ್ನು ವರ್ಷ ಒತ್ತಬೇಕು, ಬೆರಳು — ನಲ್ಲಿ, ಪ್ಲಾಟ್‌ಫಾರ್ಮಿನ ನಲ್ಲಿ, ಕೆಳಗೆ ತಂಬಿಗೆ, ತುಂಬಿ ಹರಿಯುತ್ತಿರುವ ತಂಬಿಗೆ, ಹಿಡಿದ ಕೈ ಇಲ್ಲ.