ಹಿತ್ತಲ ಸೆಟ್ಟಿಗೆ ಸೊನ್ನೆ

ನಾಲ್ಕು ವಾಕಿಟಾಕಿಗಳನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಉಗ್ರಾಣದ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹಿಂದಿನ ಮದುವೆಯ ಬೇಳೆ ಗುಂಡಿಗಳ ಸಂದಿಯಲ್ಲಿ ಒಣಗಿ ಕೂತಿತ್ತು. ಕಡ್ಡಿಯಿಂದ ಕೆರೆದು ತೆಗೆದೆ. ಅವ್ವ ಹಿತ್ತಲು ಗುಡಿಸುತ್ತಿದ್ದಳು. ನಾನು ಉಟ್ಟಿದ್ದ ಹಸಿರು ಸೀರೆಯನ್ನು ನೋಡುವುದು, ನಗು ಕಾಣಬಾರದೆಂದು ಮುಖ ತಿರುಗಿಸುವುದು, ಇದೇ ಅವಳ ಕೆಲಸವಾಗಿತ್ತು.

ಅದು ಬಡಿಸುವವರ ಸೀರೆ. ಅರಸೀಕೆರೆಯ ಈ ಕಲ್ಯಾಣ ಮಂಟಪದಲ್ಲಿ ಅಡುಗೆ ಕಾಂಟ್ರಾಕ್ಟು ಉಗ್ರಪ್ಪಣ್ಣನದು. ಬಡಿಸುವ ಹೆಂಗಸರಿಗೆಲ್ಲ ಒಂದೇ ಬಣ್ಣ. ಎಲೆ ಎತ್ತುವವರು ಏನು ಉಟ್ಟರೂ ನಡೆಯುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಸ್ಕೂಲು ಬಿಟ್ಟು ಅವ್ವನ ಜೊತೆ ಹಾರನಹಳ್ಳಿಯಲ್ಲಿ ಟೆಂಪೋ ಹತ್ತಿದಾಗಿನಿಂದ ನಾನು ಎಲೆ ಎತ್ತುವವಳು. ಕಳೆದ ಮದುವೆಯಲ್ಲಿ ಉಗ್ರಪ್ಪಣ್ಣ ತಾವಾಗಿಯೇ, "ಆಶಾರಾಣಿ, ಕೈ ಚುರುಕೈತೆ ನಿಂದು. ಮುಂದಿನ ಮದ್ವೆಗೆ ಪಂಕ್ತಿಗೆ ಬಾ, ಕೋಸಂಬರಿ ನಿಂದು" ಅಂದಿದ್ದರು. ಬಡಿಸುವವರಲ್ಲಿ ಹಿರಿಯಳಾದ ಕೋಮಲಕ್ಕ ತನ್ನದೇ ಇನ್ನೊಂದು ಸೀರೆ ಕೊಟ್ಟು, ರವಿಕೆಗೂ ತಾನೇ ಹೊಲಿಗೆ ಹಾಕಿಕೊಟ್ಟಿದ್ದಳು.

ವಾಕಿಟಾಕಿ ತಂದದ್ದು ಓಡಾಟ ತಪ್ಪಿಸಲು. ಒಂದು ಉಗ್ರಪ್ಪಣ್ಣನ ಹತ್ತಿರ, ಒಂದು ಬಡಿಸುವವರ ಮೇಸ್ತ್ರಿ ತಿಮ್ಮೇಶಣ್ಣನ ಹತ್ತಿರ, ಒಂದು ಕೋಮಲಕ್ಕನ ಸೊಂಟದಲ್ಲಿ. ನಾಲ್ಕನೆಯದು ಹಿತ್ತಲಲ್ಲಿ ನನ್ನ ಹತ್ತಿರ, ಎಲೆ ಎತ್ತಿ ಆಯಿತು ಅಂತ ಹೇಳಲು. ಮೊದಲ ದಿನವೇ ಎಡವಟ್ಟಾಯಿತು. ಎದುರು ಛತ್ರದವರದೂ ಅದೇ ಚಾನೆಲ್. ಅವರ ಭಟ್ಟರು "ಸಾಂಬಾರ್ ಸಾಕು, ಒಲೆ ಆರ್ಸು" ಅಂದದ್ದಕ್ಕೆ ನಮ್ಮವರು ಒಲೆ ಆರಿಸಿಬಿಟ್ಟರು. ಎರಡನೇ ಪಂಕ್ತಿಯವರು ಬರೀ ಅನ್ನ ನೋಡುತ್ತ ಕೂತರು. ಆಮೇಲೆ ತಿಮ್ಮೇಶಣ್ಣ ಎಲ್ಲ ಸೆಟ್ಟಿಗೂ ಹನ್ನೆರಡು ಅಂತ ಕೋಡ್ ಹಾಕಿದರು. ಎದುರು ಛತ್ರದ ಗಲಾಟೆ ನಿಂತಿತು.

"ಇನ್ ನಮ್ ಮಾತು ಯಾರ್ಗೂ ಕೇಳ್ಸಲ್ಲ. ಡಬ್ಬಿ ಮೇಲೇ ಬರ್ದವ್ನೆ ನೋಡಿ, ಪ್ರೈವೆಸಿ ಅಂತ" ಅಂದರು ತಿಮ್ಮೇಶಣ್ಣ.

"ಹಂಗಾರೆ ನಿನ್ ಹೆಂಡ್ತಿಗೂ ಒಂದ್ ಕೋಡ್ ಹಾಕ್ಸ್ಲಾ. ಬೀದಿಗೆಲ್ಲ ಕೇಳ್ತದೆ" ಅಂದು ಉಗ್ರಪ್ಪಣ್ಣ ನಕ್ಕರು.

ವಿಷಯ ಹಾಗಲ್ಲ ಅಂತ ನನಗೆ ಗೊತ್ತಾದದ್ದು ಒಮ್ಮೆ ಒರೆಸುವಾಗ. ಬಟ್ಟೆ ಗುಂಡಿಗೆ ತಗುಲಿ ಕೋಡ್ ಸೊನ್ನೆಗೆ ಹೋಗಿತ್ತು. ಎದುರು ಛತ್ರದ ಮಾತೂ ಕೇಳಿತು, ನಮ್ಮವರ ಮಾತೂ ಕೇಳಿತು. ನಾನು ಆಡಿದ ಮಾತು ಮಾತ್ರ ನಮ್ಮವರಿಗೆ ಕೇಳಲಿಲ್ಲ. ಯಾಕೆಂದು ಫೋನಿನಲ್ಲಿ ವೀಡಿಯೋ ನೋಡಿ ತಿಳಿದುಕೊಂಡೆ. ಚಾನೆಲ್ ಅಂದರೆ ದಾರಿ. ಒಂದೇ ದಾರಿಯಲ್ಲಿ ಆಡಿದ ಮಾತೆಲ್ಲ ಎಲ್ಲರ ಬಾಗಿಲಿಗೂ ಬರುತ್ತದೆ. ಕೋಡ್ ಅಂದರೆ ಮಾತಿನ ಅಡಿಯಲ್ಲಿ ಸೆಟ್ಟು ತಾನೇ ಸೇರಿಸಿ ಕಳಿಸುವ, ಕಿವಿಗೆ ಬೀಳದ ಒಂದು ಗುಂಯ್ ಸದ್ದು. ಕೋಡ್ ಇಟ್ಟ ಸೆಟ್ಟು ಆ ಸದ್ದು ಬಂದರೆ ಮಾತ್ರ ಬಾಯಿ ಬಿಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಸೊನ್ನೆ ಇಟ್ಟದ್ದು ಯಾವುದನ್ನೂ ವಿಚಾರಿಸದೆ ಎಲ್ಲವನ್ನೂ ಕೇಳಿಸುತ್ತದೆ. ಅಂದರೆ ಕೋಡ್ ನಮ್ಮ ಕಿವಿಗೆ ನಾವೇ ಇಟ್ಟುಕೊಂಡ ಹತ್ತಿ. ಬೇರೆಯವರ ಕಿವಿ ತೆರೆದೇ ಇರುತ್ತದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಹತ್ತಿರ ಯಾರೂ ಏನನ್ನೂ ಕೇಳುವುದಿಲ್ಲ.

ಇವತ್ತು ತಿಮ್ಮೇಶಣ್ಣ ಉಗ್ರಾಣಕ್ಕೆ ಬಂದು, ನನ್ನ ಮುಖ ನೋಡದೆ, ಮೂರು ಸೆಟ್ಟಿಗೆ ಇಪ್ಪತ್ತೊಂದು ಅಂತ ಒತ್ತಿ, ನಾಲ್ಕನೆಯದಕ್ಕೆ ಸೊನ್ನೆ ಇಟ್ಟರು.

"ಹಿತ್ಲುದಕ್ಕೆ ಕೋಡ್ ಬ್ಯಾಡ್ವಾ ಅಣ್ಣ?"

"ಅದ್ರ ಬ್ಯಾಟ್ರಿ ವೀಕೈತೆ ಕಣವ್ವ. ಸುಮ್ನೆ ಇಟ್ಕಂಡಿರು."

ಸೊನ್ನೆ ಅಂದರೆ ಬಾಯಿ ಕಿವಿ ಎರಡೂ ಮುಚ್ಚಿದ ಹಾಗೆ ಅಂತ ಅವರು ತಿಳಿದಿದ್ದರು. ಹೊರಟವರು ಬಾಗಿಲಲ್ಲಿ ನಿಂತು, "ಸೀರೆ ಚೆನ್ನಾಗೈತೆ" ಅಂದರು.

ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಹಿತ್ತಲ ಸೆಟ್ಟು ಕರಕರ ಅಂದಿತು. ಉಗ್ರಪ್ಪಣ್ಣನ ದನಿ.

"ತಿಮ್ಮೇಶ, ಬದಲಾಯ್ಸಿದ್ಯೇನ್ಲಾ?"

"ಆಯ್ತಣ್ಣ. ನಾವ್ ಮೂರೇ ಜನ. ಹಿತ್ಲಿಗೆ ಕೇಳಲ್ಲ, ಹೇಳಿ."

"ಗಂಡಿನ ಕಡೆಯೋರು ಗಂಡಸಿ ಊರೋರು. ಹಾರನಹಳ್ಳೀಲಿ ನೆಂಟ್ರವ್ರಂತೆ. ಈ ಆಶಾ ಗಿಡ್ಡಮ್ಮನ ಮಗ್ಳು, ಇಂಥಾ ಬೀದಿಯೋಳು ಅಂತ ಯಾರಾದ್ರೂ ಗುರ್ತು ಹಿಡುದ್ರೆ ಎಲೆ ಬಿಟ್ಟು ಎದ್ದೋಯ್ತಾರೆ."

"ಬಾ ಅಂದೋರು ನೀವೇ ಅಲ್ವಾ?"

"ಅಂದೆ ಕಣಪ್ಪ. ಸೀರೆ ಉಟ್ಕಂಡ್ ಬಂದೇಬಿಡ್ತಾಳೆ ಅಂತ ಕಂಡಿದ್ನಾ?"

ಕೋಮಲಕ್ಕನ ದನಿ ಸೇರಿತು. "ನಾನ್ ಹೇಳ್ತೀನಿ ಬಿಡಿ ಅಣ್ಣ. ನನ್ ಮಾತು ಕೇಳ್ತಾಳೆ. ಎಲೆ ಎತ್ತೋಕೆ ಜನ ಸಾಲ್ದು ಅಂತೀನಿ."

"ನೋಯಿಸ್ಬ್ಯಾಡ ಕಣವ್ವ. ಒಳ್ಳೆ ಹುಡ್ಗಿ."

"ಸೀರೆ ಏನ್ ಮಾಡ್ಲಿ?"

"ಬಿಚ್ಚಿಸ್ಬ್ಯಾಡ. ಮ್ಯಾಲೊಂದು ಟವೆಲ್ ಹೊದ್ದುಸ್ಬಿಡು."

ಅವ್ವ ಪೊರಕೆ ಹಿಡಿದು ನಿಂತಿದ್ದಳು. ಅವಳಿಗೂ ಪೂರ್ತಿ ಕೇಳಿತ್ತು. ಮತ್ತೆ ಗುಡಿಸತೊಡಗಿದಳು, ಗುಡಿಸಿದ್ದ ಜಾಗವನ್ನೇ.

ಕೋಮಲಕ್ಕ ಟವೆಲ್ ಹಿಡಿದೇ ಬಂದಳು.

"ಆಶಾ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳೇ. ಎಲೆ ಎತ್ತೋರು ಬಂದಿಲ್ಲ. ಮುಂದಿನ ಸಲ ಪಕ್ಕಾ."

ಎಲೆ ಎತ್ತುವವರೆಲ್ಲ ಅವಳ ಬೆನ್ನ ಹಿಂದೆಯೇ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. "ಸೀರೆಗೆ ಸಾರು ತಾಗ್ತದೆ, ಇದ್ನ ಹೊದ್ಕೊ" ಅಂತ ಟವೆಲನ್ನು ನನ್ನ ಹೆಗಲಿಗೆ ಹಾಕಿ, ಸೆರಗಿನ ಹಸಿರು ಕಾಣದ ಹಾಗೆ ಸರಿಮಾಡಿದಳು. ಕೈ ಮೆತ್ತಗಿತ್ತು. ನಾನು "ಹೂಂ ಅಕ್ಕ" ಅಂದೆ. ಎದುರಿಗೆ ಯಾರಾದರೂ ನಿಂತರೆ ನನ್ನ ಬಾಯಿಗೆ ಬರುವುದು ಅದೊಂದೇ.

ನಾವು ಎತ್ತುವ ಎಲೆಯಲ್ಲಿ ಅವರ ಎಂಜಲಿರುತ್ತದೆ. ಆಗ ಯಾವ ಬೀದಿ, ಯಾರ ಮಗಳು ಅಂತ ಯಾರೂ ಕೇಳುವುದಿಲ್ಲ.

ಊಟದ ಹಾಲಿನ ಹಿಂಬಾಗಿಲಿಗೆ ಹೋಗಿ ನಿಂತೆ. ಉಪ್ಪು, ಉಪ್ಪಿನಕಾಯಿ ಬಡಿಸಿ ಆಗಿತ್ತು. ಪಲ್ಯ ನಡೆಯುತ್ತಿತ್ತು. ಕೋಸಂಬರಿಯ ಬಕೆಟ್ಟು ಮೇಜಿನ ಮೇಲೆ ಹಾಗೇ ಇತ್ತು. ನನ್ನನ್ನು ತಪ್ಪಿಸುವ ಗಡಿಬಿಡಿಯಲ್ಲಿ ಅದಕ್ಕೆ ಬೇರೆಯವರನ್ನು ಹಚ್ಚುವುದನ್ನೇ ಮರೆತಿದ್ದರು.

ಸೊನ್ನೆಯಲ್ಲಿ ಮಾತಾಡಬಹುದಿತ್ತು. ಹೇಳಿದೆ ಅಂತ ನನಗೂ ಸಮಾಧಾನ, ಕೇಳಲಿಲ್ಲ ಅಂತ ಅವರಿಗೂ ಸಮಾಧಾನ. ಅದು ಬೇಡ ಅನ್ನಿಸಿತು. ಗುಂಡಿ ಒತ್ತುತ್ತ ಕೋಡನ್ನು ಇಪ್ಪತ್ತೊಂದಕ್ಕೆ ತಂದೆ. ಟವೆಲನ್ನು ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿದೆ.

"ಉಗ್ರಪ್ಪಣ್ಣ, ನಾನು ಆಶಾರಾಣಿ, ಹಿತ್ಲಿಂದ. ನೀವಾಡಿದ್ದೆಲ್ಲ ಕೇಳ್ತು."

ಹಾಲಿನೊಳಗೆ ಮೂರು ಕಡೆಯಿಂದ ನನ್ನದೇ ದನಿ ಬಂತು. ಮುಂಬಾಗಿಲಲ್ಲಿ ಬೀಗರಿಗೆ ಕೈಮುಗಿಯುತ್ತಿದ್ದ ಉಗ್ರಪ್ಪಣ್ಣ ಮುಗಿದ ಕೈ ಇಳಿಸಲಿಲ್ಲ. ತಿಮ್ಮೇಶಣ್ಣ ಸೊಂಟದ ಸೆಟ್ಟಿನ ಮೇಲೆ ಅಂಗೈ ಮುಚ್ಚಿದರು. ಕೋಮಲಕ್ಕ ಪಲ್ಯ ಹಾಕಿದ್ದ ಎಲೆಗೇ ಇನ್ನೊಂದು ಸಲ ಪಲ್ಯ ಹಾಕಿದಳು.

ಗುಂಡಿ ಬಿಟ್ಟು ಕಾದೆ. ನಾನೇ ಮತ್ತೆ ಒತ್ತಿದೆ.

"ಅಣ್ಣ, ಕೋಸಂಬರಿ ಬಕೆಟ್ ಅಲ್ಲೇ ಐತೆ. ನಾನೇ ಬಡಿಸ್ತೀನಿ. ಒಳಿಕ್ಕೆ ಬಿಡಿ."